ತಪಾಸಣೆಯ ದಿನ

ಮಸೇರುವಿನ ಜೀನ್ಸ್ ಕಾರ್ಖಾನೆ. ಇವತ್ತು
ಬಚ್ಚಲಲ್ಲಿ ಹೊಸ ಸೋಪು, ಕಾಗದ ಕೂಡ ಬಿಚ್ಚಿಲ್ಲ.

ರೆಲೆಬೊಹಿಲೆ ನನ್ನೆದುರು ಕೂತಿದ್ದಾಳೆ,
ಉಗುರುಸಂದಿಯ ನೀಲಿಯನ್ನು ಮೇಜಿನ ಕೆಳಗಿಟ್ಟು.

ಮೇಲ್ವಿಚಾರಕರು ಬೈಯುತ್ತಾರೆಯೇ? ಇಲ್ಲ.
ಓವರ್‌ಟೈಮ್ ನಿಮ್ಮ ಇಷ್ಟವೇ? ಹೌದು.
ಬಾಗಿಲಡಿಯ ಸಂದಿಯಲ್ಲಿ ಒಂದು ಜೊತೆ ಬೂಟು, ಅಲ್ಲಾಡದೆ.
ಮಕ್ಕಳು?
ಒಬ್ಬ. ಬೆಟ್ಟದ ಮೇಲೆ, ಅಮ್ಮನ ಹತ್ತಿರ.
ನನ್ನನ್ನು ಅಕ್ಕ ಅಂತಾನೆ.

ಇದನ್ನೆಲ್ಲಿ ಬರೆಯಲಿ?
ಮುಂದಿನ ಪ್ರಶ್ನೆ ಕುಡಿಯುವ ನೀರಿನದು.

ಎದ್ದಾಗ ಅವಳ ಕಣ್ಣು ನನ್ನ ಪ್ಯಾಂಟಿನ ಮೇಲೆ.
ಬಗ್ಗಿ, ಹೆಬ್ಬೆರಳಲ್ಲಿ ಅಂಚು ಸವರಿ,
'ಎಡಜೇಬು ನಮ್ಮ ಸಾಲಿನದೇ,
ದಿನಕ್ಕೆ ಸಾವಿರದ ಇನ್ನೂರು' ಎಂದಳು.
ಆಮೇಲೆ, ಮೊದಲ ಸಲ ನನ್ನ ಮುಖ ನೋಡಿ:

'ಎಷ್ಟು ವರ್ಷವಾಯ್ತು?
ಹೊಲಿಗೆ ಬಿಟ್ಟಿಲ್ಲ ತಾನೇ?'