ಒಂದು ‘ಯವ್ವಾ’ ಮುಗಿಯೂ ತನಕ

ಜಗದೇವಿ ಈಗೂ ಆಣಿ ಮಾಡಿ ಹೇಳ್ತಾಳ:
‘ಯವ್ವಾ’ ಅಂದೆ ನೋಡು ನಾ,
‘ಯ’ ಅಂದಾಗ ನೀ ಖಣಿ ದಂಡಿಗಿ ಇದ್ದಿ,
‘ವ್ವಾ’ ಮುಗಿಯೂದ್ರಾಗ ತಳದಾಗ.

ಇದ್ದೀತು. ಆಕಿ ಸುಳ್ಳು ಹೇಳೂಕಿ ಅಲ್ಲ.

ಆದ್ರ ಬೀಳುವಾಗ ನನ್ನ ಹತ್ರ
ಭಾಳ ಹೊತ್ತಿತ್ತು.
ತಲಿ ಮ್ಯಾಲಿನ ಸಿಂಬಿ ಬಿಚ್ಚಿ
ಹಸರು ಸೀರಿ ತುಂಡು ಗಾಳ್ಯಾಗ ಸಾವಕಾಶ ಹೊರಳ್ತಿತ್ತು,
ಅಂಚಿನ ಹೊಲಿಗಿ ಎಣಿಸಬಹುದಿತ್ತು.
ಖಣಿ ಗ್ವಾಡಿ ಪದರ ಪದರಾಗಿ ಮ್ಯಾಲ ಹೊಂಟಿತ್ತು,
ಬೂದಿ ಬಣ್ಣ, ಹಸರು, ಮತ್ತ ಬೂದಿ,
ನಡುವ ಎಲಿಯಡಿಕಿ ಉಗುಳಿದಂಥ ಒಂದು ಗೆರಿ.
ಬಿರುಕಿನಾಗಿನ ಓತಿಕ್ಯಾತ
ನನ್ನ ನೋಡಿ ಗೋಣು ಹಾಕಿತು, ಎರಡು ಸಲ.
ವಾಡಿ ಕಡಿಂದ ಬಂದ ಗೂಡ್ಸ್ ಗಾಡಿ
ಹಾರ್ನ್ ಶುರು ಮಾಡ್ತು, ಮುಗಿಸಲೇ ಇಲ್ಲ.
ಒಲಿ ಮ್ಯಾಲ ಬ್ಯಾಳಿ ಇಟ್ಟಿದ್ದೆ, ಇಳಿಸೀನೋ ಇಲ್ಲೋ
ಅಂತ ವಿಚಾರ ಮಾಡಿದೆ.
ಇಳಿಸೀನಿ ಅಂತ ನೆಪ್ಪಾತು.
ಆಮ್ಯಾಲ ಕಲ್ಲು ಬಂತು.

ಕಲಬುರಗಿ ದವಾಖಾನ್ಯಾಗ ಪ್ಲಾಸ್ಟರ್ ಹಾಕಿದ ಹುಡುಗ,
ಇನ್ನಾ ಮೀಸಿ ಮೂಡಿರಲಿಲ್ಲ, ನಕ್ಕೋತ ಅಂದ:
ಹೊತ್ತು ಉದ್ದ ಆಗಿಲ್ಲಬೇ.
ಅಂಜಿದ ಮಿದುಳು ಕಂಡಿದ್ದೆಲ್ಲಾ ಬರದಿಡ್ತದ,
ತಿರುಗಿ ಓದುವಾಗ ಹಾಳಿ ಭಾಳ,
ಹೊತ್ತೂ ಭಾಳ ಅನಸ್ತದ.

ಹಂಗಾದ್ರ ಪ್ಲಾಸ್ಟರಿನ ಮೂರು ತಿಂಗಳು?
ಪತ್ರಾದ ಕೆಳಗ ಮಲಗಿದಾಗ
ಒಂದೊಂದು ದಿನ ನೀರಿಗಿ ಬಿದ್ದ ಎಮ್ಮಿ, ಏಳಲೇವಲ್ದು.
ಈಗ ಹುಡುಕಿದ್ರ ಮೂರು ತಿಂಗಳು ಸೇರಿ
ಸಿಗೂದು ಇಷ್ಟ:
ಪತ್ರಾದ ತೂತಿನಿಂದ ಇಳಿದ
ರೂಪಾಯಿಯಷ್ಟು ಬಿಸಿಲು
ಗ್ವಾಡಿ ಮ್ಯಾಲ ಸರಿಯೂದು.

ಅದಕ್ಕಿಂತ ಮೊದಲು ಹತ್ತೊಂಬತ್ತು ವರ್ಷ ಫರ್ಸಿ ಹೊತ್ತೆ.
ಎಷ್ಟು ಹೊತ್ತೆ ಅನ್ನೂದು ಮುಕಾದಮನ ವಹಿದಾಗ ಅದ.
ನನ್ನ ತಲ್ಯಾಗ ಒಂದೇ ದಿನ ಬರದದ,
ಉಳದದ್ದಕ್ಕೆಲ್ಲಾ ‘ಸದರಿ’, ‘ಸದರಿ’.

ಉಳಿ ಇಟ್ಟು ಒಂದು ಏಟು ಹಾಕಿದ್ರ
ಶಹಾಬಾದಿನ ಕಲ್ಲು ಪದರ ಬಿಡ್ತದ, ಬೆರಳಷ್ಟು ದಪ್ಪ.
ಅದ್ರಾಗ ಎಷ್ಟು ಸಾವಿರ ಮಳಿಗಾಲದ ಕೆಸರು ಕುಂತದೋ.
ಕಲ್ಲಿಗಿ ಕೇಳಿದ್ರ
ಈಗಷ್ಟ ಕುಂತೀನಿ ಅಂದೀತು.
ಅಂಜಿಕಿಲ್ಲ ಅದಕ್ಕ, ಬರಕೊಂಡಿಲ್ಲ.

ಮೊನ್ನಿ ಟೇಶನ್ ಮುಂದ ಚಾ ಕುಡಿಯುವಾಗ
ಜಗದೇವಿಗಿ ಕೇಳಿದೆ:
ನೀ ಮ್ಯಾಲ ನಿಂತು ಏನು ನೋಡಿದಿ?

ಏನೂ ನೋಡಲಿಲ್ಲ, ಅಂದ್ಳು.
ಕಣ್ಣು ಮುಚಗೊಂಡಿದ್ದೆ.
‘ಯವ್ವಾ’ ಮುಗಿದ ಮ್ಯಾಲ
ನೀ ಕೆಳಗಿಂದ ನರಳೂ ತನಕ...
ಬಸಿಯಾಗಿನ ಚಾಕ್ಕ ಉಫ್ ಅಂತ ಊದಿದ್ಳು,
ಊದಿಕೋತೇ ಕುಂತ್ಳು.

ಆ ಹೊತ್ತು ನನ್ನ ಹತ್ರ ಇಲ್ಲ.
ಕಲ್ಲು ಬಂತು, ಮುಂದ ಆಕಿ ಮಾರಿ ಬಂತು,
ನಡುವ ಗೆರಿ ಸೈತ ಇಲ್ಲ.
ಹನ್ನೊಂದು ವರ್ಷದಿಂದ ಅದು ಆಕಿ ಹತ್ರ ಅದ,
ಪೂರಾ,
ನನಗ ಗೊತ್ತೇ ಇರಲಿಲ್ಲ.

ಎಷ್ಟೊತ್ತು ಇತ್ತು? ಅಂದೆ.
ಚಾ ಆರಿತ್ತು. ಇನ್ನೊಂದು ತರಾಕ ಹೇಳಿದ್ಳು.