ಮಗ್ಗುಲು ಬದಲಿಸುವಾಗ

ಗೋಥೆನ್‌ಬರ್ಗಿನಿಂದ ಬಂದ ಹುಡುಗ, ಹೆಸರು ತೂರೆ,
ನನ್ನ ಅಡುಗೆಮನೆ ಮೇಜಿನ ಮೇಲೆ ಯಂತ್ರ ಹರಡಿ ಕೂತಿದ್ದಾನೆ.
ಸಕ್ಕರೆ ಡಬ್ಬಿ ಅತ್ತ ಸರಿಸಿ, ಬಿಳಿ ಕೈಗವಸು ತೊಟ್ಟು
ಕ್ಯಾಸೆಟ್ಟನ್ನು ಎತ್ತುತ್ತಾನೆ,
ಸೂಲಗಿತ್ತಿ ಕೂಸನ್ನು ಎತ್ತುವ ಹಾಗೆ.
ಲೇಬಲ್ಲಿನ ಶಾಯಿ ಹಾರಿದೆ. ಉಳಿದದ್ದು 'ಫೆಬ್ರ', ಮತ್ತೆ ಒಂದು ಎಂಟು.
ಎಪ್ಪತ್ತೆಂಟೋ ಎಂಬತ್ತೋ ಅವನಿಗೆ ತಿಳಿಯಲೇಬೇಕು.
ಎಂಬತ್ತು, ಮಗೂ. ಆ ವಾರ ಹಲ್ಲು ಕೀಳಿಸಿದ್ದೆ,
ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಕೂಗಿದ್ದೆ.

ಸೌತ್ ಶೀಲ್ಡ್ಸಿನ ಆ ಹಾಲಿನಲ್ಲಿ ವಾರಕ್ಕೆ ಐದು ದಿನ ಬಿಂಗೋ,
ಗುರುವಾರ ಮಾತ್ರ ಕೂದಲು ಬಿಟ್ಟವರ ಪಾಲು.
ಬಾಗಿಲಲ್ಲಿ ಗಂಡಸರ ಕೋಟು ತಡವುತ್ತಿದ್ದರು,
ಹೆಂಗಸರ ಚೀಲಕ್ಕೆ ಕೈ ಹಾಕುವ ಧೈರ್ಯ ಯಾರಿಗಿತ್ತು?
ನನ್ನ ಹೆಣಿಗೆಯ ಚೀಲದಲ್ಲಿ, ಒಂದೇ ತೋಳಾಗಿದ್ದ ಸ್ವೆಟರಿನ ಕೆಳಗೆ,
ಅಣ್ಣನಿಗೆ ಹೇಳದೆ ತಂದ ರೆಕಾರ್ಡರು
ಕೆಂಪು ದೀಪ ಹೊತ್ತಿಸಿಕೊಂಡು ಉಸಿರು ಬಿಗಿಹಿಡಿದಿತ್ತು.

ಆಮೇಲೆ ಶುರುವಾಯಿತು.
ಡ್ರಮ್ಮು ಕಿವಿಗೆ ಬರಲಿಲ್ಲ, ಪಕ್ಕೆಲುಬಿಗೆ ಬಂತು.
ಗಿಟಾರು, ಹೇಗೆ ಹೇಳಲಿ, ಹಡಗುಕಟ್ಟೆಯಲ್ಲಿ
ಉಕ್ಕಿನ ಹಾಳೆ ಹಾಳೆಯನ್ನು ಉಜ್ಜುವಾಗ
ಹಲ್ಲು ಜುಮ್ಮೆನ್ನುತ್ತಲ್ಲ, ಅದನ್ನೇ ಯಾರೋ
ಪಳಗಿಸಿ, ಸಾಲಾಗಿ ನಿಲ್ಲಿಸಿ, ಕುಣಿಸಿದ ಹಾಗೆ.
ಹಗಲೆಲ್ಲ ಆ ಸದ್ದಿನಲ್ಲಿ ಕೂಲಿಗೆ ನಿಂತವರು
ರಾತ್ರಿ ಒಂದೂವರೆ ಪೌಂಡು ತೆತ್ತು ಅದನ್ನೇ ಕೊಂಡರು.
ನೆವಿಲ್ ಕಿವಿಗೆ ಬಾಯಿಟ್ಟು ಅರಚಿದ:
ಇಲ್ಲಿ ಮೇಸ್ತ್ರಿ ಇಲ್ಲವಲ್ಲ ಗ್ಲೆನಿಸ್, ಅದಕ್ಕೇ!

ಟೇಪಿನಲ್ಲಿ ಅದು ಇಲ್ಲ. ಉಣ್ಣೆ ಎಲ್ಲ ಕುಡಿದುಬಿಟ್ಟಿದೆ.
ಕೌದಿ ಹೊದ್ದ ಗುಡುಗು, ಅಷ್ಟೆ. ಮತ್ತೆ
ಯಾರದೋ ಗ್ಲಾಸು ಒಡೆದದ್ದು,
ಕೊನೆಯ ದೋಣಿ ಎಷ್ಟಕ್ಕೆ ಅಂತ ಯಾರೋ ಕೇಳಿದ್ದು,
ಮೂರನೇ ಹಾಡು ತಗ್ಗಿ ಬಾಸ್ ಒಂದೇ ಉಳಿದಾಗ
ಚೀಲದ ಪಕ್ಕದಲ್ಲೇ ಒಂದು ಕೆಮ್ಮು.

ತೂರೆ ಅದನ್ನು ಪರದೆಯ ಮೇಲೆ ಹಿಡಿದ,
ನೀಲಿ ಗೆರೆಗಳ ನಡುವೆ ಜಾಲಿಮುಳ್ಳಿನಂತೆ ನಿಂತಿತ್ತು.
"ಇದನ್ನು ತೆಗೆಯಬಹುದು," ಅಂದ, "ಗೊತ್ತೇ ಆಗುವುದಿಲ್ಲ.
ಬಾಸ್ ಶುದ್ಧವಾಗುತ್ತೆ."
ಒಳ್ಳೆಯ ಹುಡುಗ. ಆ ರಾತ್ರಿಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದವನು,
ಹಾಡುಗಳ ಸರದಿ ನನಗಿಂತ ಚೆನ್ನಾಗಿ ಬಲ್ಲ.

ನೆವಿಲ್ ಹಳೆಯ ಹಡಗುಗಳ ಹೊಟ್ಟೆಯೊಳಗೆ ತೂರಿ
ಕೊಳವೆಗಳಿಂದ ಕಲ್ನಾರು ಕೀಳುತ್ತಿದ್ದ.
ಹುಬ್ಬಿನ ಮೇಲೆ ಬಿಳಿ ಪುಡಿ ಹೊತ್ತೇ ಬರುತ್ತಿದ್ದ.
ತಲೆ ಕೊಡವಿದಾಗ ವೇದಿಕೆಯ ಬೆಳಕಿನಲ್ಲಿ
ಅದು ಮಿನುಗುತ್ತಾ ಇಳಿಯುತ್ತಿತ್ತು.
ನಾವು ಸುತ್ತ ನಿಂತು ಚಪ್ಪಾಳೆ ತಟ್ಟಿದೆವು.

ಅದು ಆ ಕೆಮ್ಮೋ, ಬರೀ ಸಿಗರೇಟಿನದೋ, ಡಾಕ್ಟರೂ ಹೇಳಲಾರರು.
ಮೂವತ್ತು ವರ್ಷದ ಮೇಲೆ ಕಂಪನಿಯ ವಕೀಲ ತಾರೀಖು ಕೇಳಿದ:
ಎಂದಿನಿಂದ? ಸರಿಯಾಗಿ ಎಂದಿನಿಂದ?
ಕ್ಯಾಸೆಟ್ಟು ಡ್ರಾಯರಿನಲ್ಲೇ ಇತ್ತು. ನನಗೆ ಹೊಳೆಯಲಿಲ್ಲ.

ಬಿಡು, ಅಂದೆ ತೂರೆಗೆ. ಇರಲಿ ಅದು.

ಇನ್ನೊಂದಿದೆ. ಐದನೇ ಹಾಡಿನ ನಡುವೆ ಮೊದಲ ಮಗ್ಗುಲು ಮುಗಿಯುತ್ತೆ.
ಉಣ್ಣೆ ಕೆದಕಿ, ಬೆರಳಲ್ಲೇ ಹುಡುಕಿ, ಕ್ಯಾಸೆಟ್ಟು ತಿರುವಿ ಹಾಕುವಷ್ಟರಲ್ಲಿ
ನಲವತ್ತು ಸೆಕೆಂಡು ಹೋಯಿತು.
ಎರಡನೇ ಮಗ್ಗುಲು ತೆರೆದರೆ ಇಡೀ ಹಾಲು ಬೊಬ್ಬೆ ಹೊಡೆಯುತ್ತಿದೆ. ಯಾಕೆ?
ತಂತಿ ಹರಿಯಿತು, ಉಳಿದ ಐದರಲ್ಲೇ ಬಾರಿಸಿದ, ಅನ್ನುತ್ತಿದ್ದ ನೆವಿಲ್.
ಇಲ್ಲ, ದೀಪ ಹೋಯಿತು, ಕತ್ತಲಲ್ಲಿ ತಡಕಾಡಿದವಳು ನಾನಲ್ಲವೇ, ನಾನು.
ಈ ಜಗಳ ನಮ್ಮ ಮದುವೆಯಷ್ಟೇ ಬಾಳಿತು.
ಕೊನೆಯ ತಿಂಗಳು, ಅವನ ಮಗ್ಗುಲು ಬದಲಿಸುವಾಗ,
ಆಮ್ಲಜನಕದ ಮುಖವಾಡ ಸರಿಸಿ, ತಂತಿ, ಅಂದ.
ದೀಪ, ಅಂದೆ ನಾನು, ದಿಂಬು ಸರಿಮಾಡುತ್ತಾ.

ತೂರೆ ಕೇಳುತ್ತಿದ್ದಾನೆ: ನಡುವಿನ ಖಾಲಿಗೆ ಏನು ಟಿಪ್ಪಣಿ ಬರೆಯಲಿ?
ಕೆಟಲ್ ಕೂಗುತ್ತಿದೆ.
ತಂತಿ ಹರಿಯಿತು ಅಂತ ಬರಿ, ಅಂದೆ.