ಇತರೆ

ನಮೂನೆಯಲ್ಲಿ ಐದು ಚೌಕಗಳು:
ಡಾಕ್ಟರು, ಇಂಜಿನಿಯರು, ಲೆಕ್ಕಪತ್ರ, ಆಡಳಿತ.
ಐದನೆಯದು 'ಇತರೆ'. ಅದರ ಮುಂದೊಂದು ಗೆರೆ,
ನನ್ನ ಕಿರುಬೆರಳಿನಷ್ಟು ಉದ್ದ.
ಹನ್ನೊಂದು ವರ್ಷ ಶಾರ್ಜಾದ ಈ ಶಾಲೆಯಲ್ಲಿ
ಈ ಹಾಳೆ ಹಂಚಿದ್ದೇನೆ.
ಗೆರೆಯ ಮೇಲೆ ಯಾರೂ ಏನೂ ಬರೆದದ್ದಿಲ್ಲ,
ಒಬ್ಬ ಹುಡುಗ ಒಮ್ಮೆ ಮೀಸೆ ಬಿಡಿಸಿದ್ದು ಬಿಟ್ಟರೆ.

ಹಸನಬ್ಬರು ಸಿಕ್ಕಿದ್ದು
ಗುರುತಿನ ಚೀಟಿ ನವೀಕರಿಸುವ ಸಾಲಿನಲ್ಲಿ.
ಜೇಬಿನಿಂದ ಒಂದು ಗರಿ ಇಣುಕುತ್ತಿತ್ತು, ಕೇಳಿದೆ.
'ಗಿಡುಗದ್ದು ಟೀಚರೇ. ಮುರಿದದ್ದಕ್ಕೆ ಜೋಡಿಸ್ಲಿಕ್ಕೆ.'
ಜೋಡಿಸುವುದೆಂದರೆ?
'ಬಂದು ನೋಡಿ. ಹೇಳಿದ್ರೆ ಸುಳ್ಳಿನ ಹಾಗೆ ಕೇಳ್ತದೆ.'
ಕೌಂಟರಿನ ಹುಡುಗ ಅವರ ಹುದ್ದೆಯನ್ನು
ಜೋರಾಗಿ ಓದಿದ: ಕ್ಲೀನರ್.
ಅವರು 'ಹೌದು' ಅಂದರು.

ಒಂಬತ್ತು ಮಕ್ಕಳು, ಒಂದು ಹಳದಿ ಬಸ್ಸು.
ಒಪ್ಪಿಗೆ ಪತ್ರದಲ್ಲಿ 'ವಿಜ್ಞಾನ ಪ್ರವಾಸ' ಎಂದು ಬರೆದಿದ್ದೆ,
ಅರ್ಧ ಸುಳ್ಳು.
ಧೈದ್ ದಾರಿಯಲ್ಲಿ ಮರಳು ಕೆಂಪಾಗುತ್ತಾ ಹೋಯಿತು.
ಖರ್ಜೂರದ ತೋಟದ ಹಿಂದೆ ತಗಡಿನ ಚಿಕಿತ್ಸಾಲಯ,
ಒಳಗೆ ಹಲ್ಲು ಕಟಕಟಿಸುವ ಏಸಿ,
ಹಲಗೆಯ ಮೇಲೆ ಸಾಲಾಗಿ
ಕುಲಾವಿ ತೊಟ್ಟ ಕೂಸುಗಳಂತೆ ಗಿಡುಗಗಳು,
ಕಣ್ಣು ಮುಚ್ಚಿಸಿಕೊಂಡು ಕೇಳಿಸಿಕೊಳ್ಳುತ್ತಾ.

ಒಂದನ್ನು ಮಲಗಿಸಿದರು. ರೆಕ್ಕೆ ಬಿಚ್ಚಿದರು, ಬೀಸಣಿಗೆಯಂತೆ.
ಬಲಗಡೆ, ಏಳನೆಯದು, ನಡುವೆ ಮುರಿದಿತ್ತು.
ಓರೆಯಾಗಿ ಕತ್ತರಿಸಿ, ಆ ಟೊಳ್ಳಿಗೆ
ಹೆರೆದು ಹೆರೆದು ಸೂಜಿಯಾದ ಬಿದಿರ ಕಡ್ಡಿ,
ತುದಿಗೆ ಅಂಟು, ಆಚೆ ತುದಿಗೆ
ಬೇರೊಂದು ಹಕ್ಕಿ ಯಾವತ್ತೋ ಉದುರಿಸಿದ ಗರಿ.
ಒತ್ತಿ ಹಿಡಿದು ಅರವತ್ತರವರೆಗೆ ಎಣಿಸಿದರು
ಬ್ಯಾರಿ ಭಾಷೆಯಲ್ಲಿ. ಯಾರೂ ಉಸಿರಾಡಲಿಲ್ಲ.

'ಎಲ್ಲಿ ಕಲಿತಿರಿ ಅಂಕಲ್?'
'ನೆಲ ಒರೆಸ್ತಾ. ಆರು ವರ್ಷ ಒರೆಸಿದೆ.
ಡಾಕ್ಟರರ ಕೈ ನಡುಗ್ಲಿಕ್ಕೆ ಶುರುವಾಯ್ತು.
ನೀನು ಹಿಡಿ ಅಂದ್ರು. ಹಿಡಿದೆ.'

ಇಬ್ಬರು ಆಕಳಿಸಿದರು. ಒಬ್ಬಳು ವಾಂತಿ ಮಾಡಿದಳು.
ಉಳಿದವರು ಫೋಟೋ ತೆಗೆದರು.

ರೆನಿಟಾ ಮಾತ್ರ ಮೂಲೆಯ ಡ್ರಾಯರುಗಳ ಮುಂದೆ.
ಇಪ್ಪತ್ತು ವರ್ಷದ ಉದುರು ಗರಿಗಳು,
ಸಾಲು ಸಾಲಾಗಿ, ಉದ್ದದ ಪ್ರಕಾರ;
ಮೇಲೆ ಪೆನ್ನಿನಲ್ಲಿ ೧, ೨, ೩...
'ಇದು ಯಾವ ಲಿಪಿ ಮಿಸ್?'
ಇಲ್ಲೇ ಹುಟ್ಟಿದವಳು. ಕೊಂಕಣಿ ಅಡುಗೆಮನೆಯದ್ದು,
ಕನ್ನಡ ಕಿವಿಯದ್ದು. ಅಂಕಿ ಕಂಡವಳಲ್ಲ.
'ನಾನು ಮೂರನೇ ಕ್ಲಾಸು ಮಗಾ,' ಹಸನಬ್ಬರು ನಕ್ಕರು,
'ಕಲಿತದ್ದು ಅಷ್ಟೇ, ಅದಾದ್ರೂ ಹಾಳಾಗ್ಬಾರ್ದಲ್ಲ.'
ಅವಳಿಗೆ ೬ ಮತ್ತು ೯ ಅದಲುಬದಲಾದವು.
'ಯಾವ ಹಕ್ಕಿಯ ಗರಿ ಯಾವ ಹಕ್ಕಿಗೆ ಹೋಯ್ತು,
ಬರೆದಿಟ್ಟಿಲ್ವಾ?'
'ಇಲ್ಲ. ಯಾರಿಗೆ ಬೇಕು ಅದೆಲ್ಲ?'

ವಾಪಸು ಬಸ್ಸಿನಲ್ಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ,
ನನಗೂ ಅಲ್ಲ, ಯಾರಿಗೂ ಅಲ್ಲ,
ಕಿಟಕಿಯ ಗಾಜಿಗೆ ಅವಳು ಹೇಳಿದಳು: ನಂಗೆ ಬೇಕು.

ಅವಳಪ್ಪನ ಫೋನು ಬಂತು.
'ಇತರೆ ಅಂದ್ರೆ ಸಂಬಳ ಎಷ್ಟು ಮೇಡಂ?'
ದೂರುವುದಿಲ್ಲ ಅವರನ್ನು.
ವೀಸಾ ಎರಡು ವರ್ಷದ್ದು, ಬಾಡಿಗೆ ನಾಲ್ಕು ಚೆಕ್ಕಿನದ್ದು,
ಇಲ್ಲಿ ಕನಸಿಗೂ ಒಂದು ಕೊನೆಯ ದಿನಾಂಕ.
ಗೊತ್ತಿಲ್ಲ ಎಂದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಆ ಉತ್ತರ ನನ್ನ ಬಾಯಿಂದ.
ಆಚೆ ಬದಿ ಬಹಳ ಹೊತ್ತು ಮೌನ, ಆಮೇಲೆ
'ಶನಿವಾರ ನಾನೇ ಬಿಟ್ಟು ಬರ್ತೇನೆ. ಒಂದೇ ಸಲ.'

ಮೂರು ಶನಿವಾರ ಆಯಿತು.
ಅಪ್ಪ ಕಾರಿನಲ್ಲೇ ಕೂರುತ್ತಾರಂತೆ, ಇಂಜಿನ್ ಆರಿಸದೆ.

ನಿನ್ನೆ ನೋಟುಪುಸ್ತಕ ತಂದು ತೋರಿಸಿದಳು.
ಗೆರೆ ಹೊಡೆದ ಪುಟ, ಅವಳೇ ಹೊಡೆದ ಗೆರೆ:
ಬಲ ರೆಕ್ಕೆ, ೭.
ಕೊಟ್ಟ ಹಕ್ಕಿ: ತಿಳಿಯದು.
ಪಡೆದದ್ದು: ಬೂದುಬಣ್ಣದ ಹೆಣ್ಣು, ಎರಡು ವರ್ಷ.
ಜೋಡಿಸಿದವರು: ಹಸನಬ್ಬ, ಬಜ್ಪೆ.
ಹುದ್ದೆ:

ಅಲ್ಲಿ ಪೆನ್ನು ನಿಲ್ಲಿಸಿ
ನನ್ನ ಮುಖ ನೋಡಿದಳು.